ಓಬಣ್ಣ ಈಗ ಸುಮ್ಮನಿದ್ದಾನೆ

ಕೆಂಚಮ್ಮನಕಟ್ಟೆ,
ಹರಪನಹಳ್ಳಿ ತಾಲ್ಲೂಕು
14–4–1981

ತಮ್ಮ ದುರುಗಪ್ಪನಿಗೆ,

ನಿನ್ನ ಮದುವೆ ಮುಗಿಸಿಕೊಂಡು ಭದ್ರಾವತಿಯಿಂದ ಸುಖವಾಗಿ ಊರು ಸೇರಿದೆ. ಹರಪನಹಳ್ಳಿಯಲ್ಲಿ ಬಸ್ಸು ತಪ್ಪಿ ಸಂಜೆತನಕ ಕೂತಿದ್ದು ಬಿಟ್ಟರೆ ಬೇರೆ ತೊಂದರೆಯಾಗಲಿಲ್ಲ. ನಿನ್ನ ಹೆಂಡತಿ ಬಸಲಿಂಗಮ್ಮ ಒಳ್ಳೆಯ ಹುಡುಗಿ. ಹೊರಡುವಾಗ ಬಾಗಿಲವರೆಗೂ ಬಂದು, “ಅಕ್ಕಾರ, ನಿಮ್ಮೂರಿಗೆ ನನ್ನ ಯಾವಾಗ ಕರಕೊಂಡು ಹೋಗ್ತೀರಿ?” ಎಂದು ಕೇಳಿದಳು. ನಾನು ನಿನ್ನ ಮುಖ ನೋಡಿದೆ. ನೀನು ಬಸ್ಸಿಗೆ ಹೊತ್ತಾಯಿತು ಎಂದೆ.

ಇಲ್ಲಿ ಓಬಣ್ಣ ಮುನಿಸಿಕೊಂಡಿದ್ದಾನೆ. ನಾನಿಲ್ಲದಾಗ ಪಕ್ಕದ ಮನೆಯ ಗಾಳೆಮ್ಮ ಅವನನ್ನು ನೋಡಿಕೊಂಡಳು. ನೀನು ಕಳಿಸಿದ್ದ ಹೊಸ ಅಂಗಿ ತೊಟ್ಟು ದಿನವೂ ಬಸ್ಸು ನಿಲ್ಲುವ ಕಡೆ ಹೋಗಿ ಕೂರುತ್ತಿದ್ದನಂತೆ. ಯಾರು ಕರೆದರೂ ಏಳುತ್ತಿರಲಿಲ್ಲವಂತೆ. ನಿನಗಿಂತ ನಾಲ್ಕು ವರ್ಷ ದೊಡ್ಡವನಾದರೂ ಅವನ ಬುದ್ಧಿ ಇನ್ನೂ ನಾಲ್ಕು ವರ್ಷದ ಕೂಸಿನದೇ ಅಲ್ಲವೇ. ಮದುವೆ ಅಂದರೆ ಏನೆಂದು ಅವನಿಗೆ ತಿಳಿಯದು, ನಾವಿಬ್ಬರೂ ಎಲ್ಲಿಗೋ ಹೋಗಿ ಅವನನ್ನು ಬಿಟ್ಟೆವು ಎಂಬುದಷ್ಟೇ ತಿಳಿದಿದೆ.

ನಾನು ಬಂದಾಗಿನಿಂದ ರೊಟ್ಟಿ ಮುಟ್ಟುತ್ತಿಲ್ಲ. ಮೊನ್ನೆ ತಾಟನ್ನೇ ಎತ್ತಿ ಒಗೆದ. ಅಂಬಲಿ ಕುಡಿಯುತ್ತಾನೆ, ಅದೂ ತಲೆ ಒಂದು ಕಡೆ ವಾಲಿಸಿಕೊಂಡು. ಗಲ್ಲ ಮುಟ್ಟಿ ರಮಿಸಲು ಹೋದರೆ ಕೈ ಕೊಡವುತ್ತಾನೆ. ಗಾಳೆಮ್ಮ ಹೇಳುತ್ತಾಳೆ: “ತಮ್ಮನ ಮದ್ವಿಗೆ ಕರಕೊಂಡು ಹೋಗಿಲ್ಲಲ್ಲ, ಅದಕ್ಕ ರೊಟ್ಟಿ ಒಲ್ಲೆ ಅಂತಾನ. ಅವಂಗೂ ಹೊಟ್ಟ್ಯಾಗ ಸಂಕಟ ಇರತೈತಿ ನೋಡು.”

ಕೆಲಸ ಮಾತ್ರ ಬಿಟ್ಟಿಲ್ಲ. ನಾನು ಅಡುಗೆ ಮಾಡುವ ಹಾಸ್ಟೆಲಿಗೂ ನಮ್ಮ ಕೇರಿಗೂ ಬೋರಿಂಗಿನಿಂದ ನೀರು ಹೊರುತ್ತಿದ್ದಾನೆ. ಯಾರಾದರೂ “ಸಾಕು ಓಬಣ್ಣ” ಎನ್ನುವವರೆಗೆ ತಂದು ಸುರಿಯುತ್ತಲೇ ಇರುತ್ತಾನಲ್ಲ, ಹಾಗೇ.

ಹೆಂಡತಿಯನ್ನು ಒಂದು ಸಲ ಕರೆದುಕೊಂಡು ಬಾ. ಅಣ್ಣನ ಮುನಿಸು ಇಳಿಯುತ್ತದೆ.

ನಿನ್ನ ಅಕ್ಕ,
ಪಕ್ಕೀರಮ್ಮ


ಶಿವಮೊಗ್ಗ
2–5–1981

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಆಫೀಸಿನಲ್ಲಿ ಟೈಪಿಂಗ್ ಕೆಲಸ ಬಹಳವಿದ್ದು ಉತ್ತರ ತಡವಾಯಿತು.

ಅಣ್ಣನನ್ನು ಮದುವೆಗೆ ಕರೆಸಲಿಲ್ಲವೆಂದು ನೀನು ನೇರವಾಗಿ ಬೈದಿದ್ದರೆ ಚೆನ್ನಾಗಿತ್ತು. ಅಕ್ಕ, ನನ್ನ ಸ್ಥಿತಿ ನಿನಗೂ ಗೊತ್ತು. ಮಾವನವರು ಕೊಟ್ಟೂರು ಬಿಟ್ಟು ಭದ್ರಾವತಿ ಸೇರಿ, ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿ ನಾಲ್ಕು ಜನರಲ್ಲಿ ಮರ್ಯಾದೆ ಗಳಿಸಿದವರು. ಹೆಣ್ಣು ಕೊಡುವಾಗ ಅವರು ಮೊದಲು ಕೇಳಿದ್ದೇ “ಮನೆತನದಾಗ ಏನೂ ಕಾಯಿಲಿ ಕಸಾಲಿ ಇಲ್ಲಲ್ಲ?” ಎಂದು. ಇಲ್ಲ ಎಂದುಬಿಟ್ಟೆ. ಬಸಲಿಂಗಮ್ಮನಿಗೂ ಇನ್ನೂ ಹೇಳಿಲ್ಲ. ಸಮಯ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಊರಿಗೆ ಕರೆತರುವ ಮಾತು ಬೇಡ.

ಅವನು ಮುನಿಸಿಕೊಂಡರೆ ನೀನು ಹೆಚ್ಚು ರಮಿಸಬೇಡ. ಅವ್ವ ಇದ್ದಾಗಲೂ ಹೀಗೇ ಮಾಡುತ್ತಿದ್ದ, ಹಸಿವಾದರೆ ತಾನೇ ಬಂದು ತಿನ್ನುತ್ತಿದ್ದ. ಯಾರ ಕೈಯಲ್ಲಾದರೂ ಬೆಲ್ಲದುಂಡೆ ಕಳಿಸುತ್ತೇನೆ. ದುರುಗ ಕಳಿಸಿದ ಎಂದು ಹೇಳಿ ಕೊಡು.

ನಿನ್ನ ತಮ್ಮ,
ದುರುಗಪ್ಪ


ಕೆಂಚಮ್ಮನಕಟ್ಟೆ
23–5–1981

ತಮ್ಮ ದುರುಗಪ್ಪನಿಗೆ,

ಬೆಲ್ಲದುಂಡೆ ಬಂದವು. ನಿನ್ನ ಹೆಸರು ಹೇಳಿ ಕೈಯಲ್ಲಿಟ್ಟೆ. ಖುಷಿಯಿಂದ ಬಾಯಿಗೆ ಹಾಕಿಕೊಂಡವನು ಚೀರಿಕೊಂಡು ಉಗುಳಿದ. ಉಳಿದವನ್ನೆಲ್ಲ ಅಂಗಳಕ್ಕೆ ಚೆಲ್ಲಿಬಿಟ್ಟ. ನಿನ್ನ ಮೇಲೆ ಅವನಿಗೆ ಇಷ್ಟು ಸಿಟ್ಟಿದೆ ಎಂದು ನಾನು ತಿಳಿದಿರಲಿಲ್ಲ.

ನಿನ್ನ ಅಣ್ಣನ ಸ್ಥಿತಿ ಚೆನ್ನಾಗಿಲ್ಲ. ಮುಷ್ಟಿ ಕಟ್ಟಿ ಬಲಗೆನ್ನೆಗೆ ಬಡಿದುಕೊಳ್ಳುತ್ತಾನೆ. ಗೋಡೆಗೂ ಹಾಯುತ್ತಾನೆ. ಹಾಸ್ಟೆಲಿನಲ್ಲಿ ನೀರಿನ ಕೊಡ ಎತ್ತಿ ಕುಕ್ಕಿದ. ಹುಡುಗರು ಹೆದರಿದರು, ವಾರ್ಡನ್ನರು ಅವನನ್ನು ಇನ್ನು ಒಳಗೆ ಬಿಡಬೇಡ ಎಂದರು. ನಾನು ಒಲೆಯ ಮುಂದೆ ಇರುವಾಗ ಅವನು ಮನೆಯಲ್ಲಿ ಒಬ್ಬನೇ.

ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೇಜಿನ ಆಚೆ ಕೂತಿದ್ದರು.

“ಏನಾಗಿದೆ ಇವನಿಗೆ?”

“ಊಟ ಬಿಟ್ಟಾನ್ರಿ ಸಾರ್. ಕೆನ್ನಿ ಕೆನ್ನಿ ಬಡಕೊಂತಾನ್ರಿ.”

“ಹುಟ್ಟಿನಿಂದಲೇ ಹೀಗಾ?”

“ಬುದ್ಧಿ ಹುಟ್ಟಿದಾಗಿಂದಾನ ಹಿಂಗ್ರಿ. ಬಡಕೊಳ್ಳಾದು ಈಗ ಬಂದದ್ರಿ.”

“ಎರಡೂ ಒಂದೇನಮ್ಮ,” ಎಂದರು.

ಆಮೇಲೆ ಕಂಪೌಂಡರ್ ಶಿವಯೋಗಪ್ಪ ಜ್ವರ ನೋಡುವ ಗಾಜಿನ ಕಡ್ಡಿ ತಂದು ಓಬನ ಗದ್ದ ಹಿಡಿದು ಬಾಯೊಳಗೆ ತುರುಕಲು ಹೋದ. ಓಬ ಅವನ ಬೆರಳು ಕಚ್ಚಿದ. ರಕ್ತ ಬಂತು, ಕಡ್ಡಿ ನೆಲಕ್ಕೆ ಬಿದ್ದು ಒಡೆಯಿತು. ಡಾಕ್ಟರು ಕುರ್ಚಿಯಲ್ಲಿ ಕೂತುಕೊಂಡೇ, “ಇಂಥವರನ್ನ ಕಟ್ಟಿ ಕರೆದುಕೊಂಡು ಬರಬೇಕಮ್ಮ. ಇದು ತಲೆಗೆ ಸಂಬಂಧಪಟ್ಟದ್ದು, ನಮ್ಮ ಹತ್ತಿರ ಔಷಧಿ ಇಲ್ಲ. ಹುಚ್ಚಾಸ್ಪತ್ರೆಗೆ ಹೋಗಿ,” ಎಂದರು. ಸಾಲಿನಲ್ಲಿ ನಿಂತಿದ್ದವರು ನಕ್ಕರು. ಓಬನೂ ಅವರನ್ನು ನೋಡಿ ನಗಲು ಹೋದ. ನಗಲು ಆಗಲಿಲ್ಲ, ಕೆನ್ನೆ ಹಿಡಿದುಕೊಂಡ.

ದುರುಗ, ನನಗೆ ಒಬ್ಬಳಿಗೇ ಆಗುತ್ತಿಲ್ಲ. ನಿನ್ನ ಕಡೆ ದೊಡ್ಡ ಡಾಕ್ಟರಿದ್ದರೆ ಕೇಳು. ಅಣ್ಣನನ್ನು ಅಲ್ಲಿಗೇ ಕರೆದುಕೊಂಡು ಬರಲೇ?

ಪಕ್ಕೀರಮ್ಮ


ಶಿವಮೊಗ್ಗ
6–6–1981

ಅಕ್ಕ,

ನಿನ್ನ ಕಾಗದ ಓದಿ ನಿದ್ದೆ ಬರಲಿಲ್ಲ. ಇಲ್ಲಿಗೆ ಕರೆತರುವುದು ಮಾತ್ರ ಸದ್ಯ ಬೇಡ. ನಮ್ಮದು ಒಂದೇ ಕೋಣೆಯ ಮನೆ. ಮಾವನವರು ವಾರಕ್ಕೊಮ್ಮೆ ಬಂದು ಹೋಗುತ್ತಾರೆ.

ಆದರೆ ಸುಮ್ಮನೆ ಕೂತಿಲ್ಲ. ನಮ್ಮ ಸಾಹೇಬರ ಅಳಿಯ ಡಾಕ್ಟರು, ಪಟ್ಟಣದಲ್ಲಿ ಓದಿ ಬಂದವರು. ನಿನ್ನೆ ಅವರ ಮನೆಗೆ ಹೋಗಿ ನಿನ್ನ ಕಾಗದವನ್ನೇ ಓದಿ ಹೇಳಿದೆ. ತಾಳ್ಮೆಯಿಂದ ಕೇಳಿದರು. ಬುದ್ಧಿ ಬೆಳೆಯದವರಿಗೆ ವಯಸ್ಸಾದಂತೆ ಒಮ್ಮೊಮ್ಮೆ ಹೀಗೆ ಉದ್ರೇಕ ಬರುತ್ತದಂತೆ. ಒಳ್ಳೆಯ ಮಾತ್ರೆ ಬರೆದುಕೊಟ್ಟಿದ್ದಾರೆ. ಹಡಗಲಿಗೆ ಹೊರಟಿದ್ದ ನಮ್ಮ ಆಫೀಸಿನವರೊಬ್ಬರ ಕೈಯಲ್ಲಿ ಕಳಿಸಿದ್ದೇನೆ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಹೂವಿನ ಅಂಗಡಿಯಲ್ಲಿ ಕೊಟ್ಟಿರುತ್ತಾರೆ. ಬೆಳಿಗ್ಗೆ ಒಂದು, ರಾತ್ರಿ ಎರಡು. ಅಂಬಲಿಯಲ್ಲಿ ಕದಡಿ ಕೊಟ್ಟರೂ ನಡೆಯುತ್ತದೆ.

ಮಂತ್ರ ತಾಯಿತ ಎಂದು ಯಾರ ಮಾತೂ ಕೇಳಬೇಡ. ಇದು ವಿಜ್ಞಾನದ ಕಾಲ.

ದುರುಗಪ್ಪ


ಕೆಂಚಮ್ಮನಕಟ್ಟೆ
28–6–1981

ತಮ್ಮ ದುರುಗಪ್ಪನಿಗೆ,

ನಿನ್ನ ಡಾಕ್ಟರ ಕೈಗುಣ ದೊಡ್ಡದು. ಓಬಣ್ಣ ಈಗ ಸುಮ್ಮನಿದ್ದಾನೆ.

ಮಾತ್ರೆ ಶುರು ಮಾಡಿದ ಮಾರನೆಯ ದಿನವೇ ಬಡಿದುಕೊಳ್ಳುವುದು ಕಡಿಮೆಯಾಯಿತು. ಈಗ ಚಾಪೆಯ ಮೇಲೆ ಮಲಗಿರುತ್ತಾನೆ, ಇಲ್ಲವೇ ಗೋಡೆಗೆ ಒರಗಿ ಕೂತಿರುತ್ತಾನೆ. ನಾನು ಹಾಸ್ಟೆಲಿನಿಂದ ಬರುವಾಗ ಮೊದಲಿನ ಹಾಗೆ ಕೇರಿಯ ತುದಿಯಿಂದಲೇ ಅವನ ಕೂಗು ಕೇಳಿಸುವುದಿಲ್ಲ. ಗಾಳೆಮ್ಮ ಕೂಡ, “ಅಂತೂ ದೇವರು ಕಣ್ಣು ಬಿಟ್ಟ ನೋಡವ್ವ, ಮನಿ ಮನಿ ಆತು,” ಎಂದಳು. ಎಷ್ಟೋ ದಿನದ ಮೇಲೆ ನಾನು ಬೆಳಗಿನವರೆಗೆ ನಿದ್ದೆ ಮಾಡಿದೆ. ನಿನ್ನಾಣೆ, ನನಗೆ ಸಂತೋಷವಾಯಿತು.

ನೀರು ತರುವುದನ್ನು ಬಿಟ್ಟಿದ್ದಾನೆ. ಬಾಯಿಂದ ಜೊಲ್ಲು ಸುರಿಯುತ್ತದೆ, ವಾಸನೆ ಬರುತ್ತದೆ. ಮಾತ್ರೆಯ ಉಷ್ಣ ಇರಬೇಕು, ಅಲ್ಲವೇ? ಅಂಬಲಿಯನ್ನೂ ಪೂರ್ತಿ ಕುಡಿಯುವುದಿಲ್ಲ. ಡಾಕ್ಟರನ್ನು ಕೇಳಿ ಬರೆ.

ನಿನ್ನ ಅಕ್ಕ,
ಪಕ್ಕೀರಮ್ಮ


ಶಿವಮೊಗ್ಗ
9–7–1981

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದದಿಂದ ನನ್ನ ತಲೆಯ ಮೇಲಿನ ಭಾರ ಇಳಿಯಿತು. ಜೊಲ್ಲು ಬರುವುದು ಆ ಮಾತ್ರೆಯ ಸ್ವಭಾವವಂತೆ, ಹೆದರಬೇಡ ಎಂದರು. ಇನ್ನಷ್ಟು ಮಾತ್ರೆ ಕಳಿಸಿದ್ದೇನೆ, ನಿಲ್ಲಿಸಬೇಡ.

ಒಂದು ಸಿಹಿ ಸುದ್ದಿ. ಬಸಲಿಂಗಮ್ಮ ಬಸುರಿ. ಅವ್ವ ಇದ್ದಿದ್ದರೆ ಎಷ್ಟು ಸಂಭ್ರಮಪಡುತ್ತಿದ್ದಳೋ.

ಇನ್ನೊಂದು ಮಾತು. ಬೇಸರ ಮಾಡಿಕೊಳ್ಳಬೇಡ. ಮಾವನವರು ಇಪ್ಪತ್ತನೇ ತಾರೀಖು ಕೊಟ್ಟೂರಿಗೆ ಬರುವವರಿದ್ದಾರೆ, ಹಾಗೇ ನಮ್ಮ ಮನೆಯನ್ನೂ ನೋಡಿಕೊಂಡು ಹೋಗುತ್ತಾರಂತೆ. ಬೇಡವೆನ್ನಲು ನನಗೆ ದಾರಿ ಇರಲಿಲ್ಲ. ಆ ಒಂದು ದಿನ ಅಣ್ಣನನ್ನು ಕುರಿ ಮೈಲಪ್ಪನ ಹಟ್ಟಿಯಲ್ಲಿ ಬಿಟ್ಟಿರಲು ಆಗುತ್ತದೆಯೇ? ಮೈಲಪ್ಪನ ಜೊತೆ ಅವನಿಗೆ ಮೊದಲಿನಿಂದಲೂ ಒಳ್ಳೆಯದಾಗಿದೆ. ಹೇಗೂ ಈಗ ಸುಮ್ಮನಿದ್ದಾನಲ್ಲ.

ದುರುಗಪ್ಪ


ಕೆಂಚಮ್ಮನಕಟ್ಟೆ
23–7–1981

ದುರುಗಪ್ಪನಿಗೆ,

ನಿನ್ನ ಅತ್ತೆ ಮಾವ ಬಂದು ಹೋದರು. ಹೋಳಿಗೆ ಮಾಡಿದ್ದೆ. ಮನೆ ಚಿಕ್ಕದಾದರೂ ಚೊಕ್ಕಟವಾಗಿದೆ ಎಂದರು.

ಓಬನನ್ನು ಮೈಲಪ್ಪನ ಹಟ್ಟಿಗೆ ಕಳಿಸಲು ಆಗಲಿಲ್ಲ. ಅವನು ಅಷ್ಟು ದೂರ ನಡೆಯುವ ಹಾಗಿಲ್ಲ. ಹಿಂದಿನ ಕಟ್ಟಿಗೆ ಕೋಣೆಯಲ್ಲಿ ಮಲಗಿಸಿ ಬೆಳಿಗ್ಗೆಯೇ ಎರಡು ಮಾತ್ರೆ ಹೆಚ್ಚು ಕೊಟ್ಟೆ. ಆದರೂ ಊಟದ ನಡುವೆ ಒಮ್ಮೆ ನರಳಿದ. ನಿನ್ನ ಮಾವ ತುತ್ತು ನಿಲ್ಲಿಸಿ, “ಒಳಗ ಯಾರದಾರವ್ವ?” ಎಂದರು.

“ಎಮ್ಮಿ ಕರ ಐತ್ರಿ. ಜಡ್ಡು ಬಿದ್ದೈತಿ,” ಎಂದೆ.

ಅವರು ಊಟ ಮುಂದುವರಿಸಿದರು.

ಅವನ ಗದ್ದದ ಕೆಳಗೆ ಬಾವು ಬಂದಿದೆ. ಗದ್ದಕಟ್ಟು ಎಂದು ಗಾಳೆಮ್ಮ ಜಾಜಿನ ಕೆಂಪುಮಣ್ಣು ಅರೆದು ಹಚ್ಚಿದ್ದಾಳೆ. ಮೈ ಬಿಸಿಯಾಗಿದೆ. ದವಾಖಾನೆಗೆ ಹೋಗಿ ಹೇಳಿದೆ. ಕಚ್ಚಿದವನೇ ಅಲ್ಲವೇ ಎಂದು ಶಿವಯೋಗಪ್ಪ ಕೇಳಿದ. ಕರೆತರುವುದು ಬೇಡವೆಂದು ಜ್ವರದ ಗುಳಿಗೆ ಕಟ್ಟಿ ಕೊಟ್ಟ.

ನೀನು ಒಂದು ಸಲ ಬಂದು ಹೋಗು.

ಪಕ್ಕೀರಮ್ಮ


ತಂತಿ
ದಾವಣಗೆರೆ, 1–8–1981

ಓಬಣ್ಣ ಬಹಳ ಗಂಭೀರ. ದಾವಣಗೆರೆ ದೊಡ್ಡಾಸ್ಪತ್ರೆ. ಕೂಡಲೇ ಹೊರಡು. ಪಕ್ಕೀರಮ್ಮ.


ಕೆಂಚಮ್ಮನಕಟ್ಟೆ
21–8–1981

ದುರುಗಪ್ಪನಿಗೆ,

ಓಬನನ್ನು ಮಣ್ಣು ಮಾಡಿದ ಮಾರನೆಯ ದಿನ ನೀನು ಬಂದೆ, ಎರಡು ದಿನ ಇದ್ದು ಹೋದೆ. ತಂತಿ ತಡವಾಗಿ ಸಿಕ್ಕಿತು ಎಂದೆ, ನಾನು ಆಗಲಿ ಎಂದೆ. ಏನಾಯಿತೆಂದು ನೀನು ಕೇಳಲಿಲ್ಲ. ಕೇಳಿದ್ದರೂ ಆಗ ನನ್ನ ಬಾಯಿಂದ ಬರುತ್ತಿರಲಿಲ್ಲ. ಈಗ ಬರೆಯುತ್ತೇನೆ, ಪೂರ್ತಿ ಓದು.

ಬಾವು ಕುತ್ತಿಗೆಗೆ ಇಳಿಯಿತು. ನಾಲಗೆ ಮೇಲಕ್ಕೆದ್ದು ಬಾಯಿ ಮುಚ್ಚಲು ಬರದಂತಾಯಿತು. ಅಂಬಲಿ ಕುಡಿಸಿದರೆ ಮೂಗಿನಿಂದ ಬಂತು. ಉಸಿರು ಗರಗಸ ಎಳೆದ ಹಾಗೆ ಆಗುತ್ತಿತ್ತು. ಕುರಿ ಮೈಲಪ್ಪ ನೋಡಲು ಬಂದವನು ನನಗೊಂದು ಮಾತೂ ಹೇಳದೆ ರಸ್ತೆಗೆ ಓಡಿ, ಶೇಂಗಾ ತುಂಬಿದ ಲಾರಿಯನ್ನು ಅಡ್ಡ ನಿಂತು ನಿಲ್ಲಿಸಿದ. ಚೀಲಗಳ ಮೇಲೆ ಓಬನನ್ನು ಮಲಗಿಸಿದೆವು. ದಾರಿಯುದ್ದಕ್ಕೂ ಮೈಲಪ್ಪ ಅವನ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದಿದ್ದ.

ದಾವಣಗೆರೆಯಲ್ಲಿ ಒಬ್ಬ ಡಾಕ್ಟರಮ್ಮ ಓಡಿ ಬಂದರು. “ಇವ ಬುದ್ಧಿ ಇಲ್ಲದವ ಅದಾನ್ರಿ, ಕಚ್ತಾನ್ರಿ,” ಎಂದು ನಾನೇ ಮೊದಲು ಹೇಳಿದೆ. ಅವರು ಅವನ ಹೆಸರು ಕೇಳಿದರು. ಓಬನ ಎದೆಯ ಮೇಲೆ ಕೈ ಇಟ್ಟು, “ಓಬಣ್ಣ, ಎಲ್ಲಿ ನೋವಪ್ಪ? ತೋರ್ಸು ನೋಡಾಣ,” ಎಂದರು. ಇಷ್ಟು ದಿನದಲ್ಲಿ ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಓಬ ಕಣ್ಣು ಬಿಟ್ಟು, ಬೆರಳೆತ್ತಿ, ಬಲಗೆನ್ನೆಯ ಮೇಲೆ ಇಟ್ಟ.

ಬ್ಯಾಟರಿ ಬಿಟ್ಟು, ಚಮಚದಿಂದ ನಾಲಗೆ ಒತ್ತಿ ನೋಡಿದರು. ಕಚ್ಚಲಿಲ್ಲ. ಕೆಳಗಿನ ದವಡೆ ಹಲ್ಲು ಕೊಳೆತು ಬುಡದಲ್ಲಿ ಕೀವು ತುಂಬಿ, ಆ ಕೀವು ಕುತ್ತಿಗೆಯೊಳಗೆ ಇಳಿದಿತ್ತು.

“ಇಷ್ಟು ದಿನ ಹೆಂಗೆ ತಡ್ಕೊಂಡ್ನಮ್ಮ ಇವ್ನು?” ಎಂದರು.

“ತಡಕೊಂಡಿಲ್ರೀ ಅವ್ವ. ಹೇಳ್ಯಾನ. ನಮಗ ತಿಳಿಲಿಲ್ಲ,” ಎಂದೆ.

ಬೇಸಿಗೆಯಲ್ಲಿ ಬಂದಿದ್ದರೆ ಹಲ್ಲು ಕಿತ್ತು ಸಂಜೆಗೆ ಮನೆಗೆ ಕಳಿಸುತ್ತಿದ್ದೆ ಎಂದರು. ಕುತ್ತಿಗೆ ಕೊಯ್ದು ಕೀವು ತೆಗೆದರು. ಸೂಜಿ, ಬಾಟಲಿ ಎಲ್ಲ ಹಾಕಿದರು. ಏನು ಕೊಡುತ್ತಿದ್ದಿರಿ ಎಂದು ಕೇಳಿದಾಗ ಸೆರಗಿನ ಗಂಟಿನಿಂದ ನಿನ್ನ ಮಾತ್ರೆ ತೆಗೆದು ತೋರಿಸಿದೆ. ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. “ಇದ್ರಿಂದ ನೋವು ಹೋಗಲ್ಲಮ್ಮ. ಕೂಗೋದು ಹೋಗುತ್ತೆ ಅಷ್ಟೇ,” ಎಂದರು.

ಆಮೇಲೆ ಅವನ ಮಣಿಕಟ್ಟು ತಿರುಗಿಸಿ ನೋಡಿದರು. “ಇದೇನು?” ಎಂದರು. ಹಗ್ಗದ ಗುರುತು. ನಿನಗೆ ಇದನ್ನು ಬರೆದಿರಲಿಲ್ಲ. ವಾರ್ಡನ್ನರು ಹಾಸ್ಟೆಲಿಗೆ ಬಿಡುವುದಿಲ್ಲವೆಂದ ದಿನದಿಂದ ನಾನು ಕೆಲಸಕ್ಕೆ ಹೋಗುವಾಗ ಅವನನ್ನು ಕಂಬಕ್ಕೆ ಕಟ್ಟಿ ಹೋಗುತ್ತಿದ್ದೆ. ಬಂದು ಬಿಚ್ಚುತ್ತಿದ್ದೆ. ಮಾತ್ರೆ ಬಂದ ಮೇಲೆ ಕಟ್ಟುವುದು ಬೇಕಾಗಲಿಲ್ಲ, ಅದಕ್ಕೇ ನನಗೆ ಸಂತೋಷವಾಗಿತ್ತು.

ಮರುದಿನ ಬೆಳಗಾಗುವಾಗ ಹೋದ. ಮೈಲಪ್ಪ ಹೊರಗೆ ಚಹಾ ತರಲು ಹೋಗಿದ್ದ. ಓಬ ನನ್ನ ಬೆರಳು ಹಿಡಿದುಕೊಂಡಿದ್ದ, ಹಿಡಿತ ಸಡಿಲವಾದಾಗ ನಿದ್ದೆ ಬಂತು ಎಂದುಕೊಂಡೆ.

ಅವನು ನಮ್ಮ ಮೇಲೆ ಸಿಟ್ಟು ಮಾಡಿಕೊಂಡಿರಲಿಲ್ಲ, ದುರುಗ. ಮದುವೆಗೆ ಕರೆಯಲಿಲ್ಲವೆಂಬ ಅಳುಕು ನಿನಗೂ ಇತ್ತು, ನನಗೂ ಇತ್ತು. ಅದನ್ನು ಅವನ ಮೇಲೆ ಹೊರಿಸಿದೆವು. ಅವನಿಗೆ ಹಲ್ಲು ನೋಯುತ್ತಿತ್ತು, ಅಷ್ಟೇ.

ಪಕ್ಕೀರಮ್ಮ


ಶಿವಮೊಗ್ಗ
10–9–1981

ಅಕ್ಕ,

ಎಷ್ಟು ಕಾಗದ ಬರೆದು ಹರಿದೆನೋ. ನಿನಗೆ ಹೇಳದೆ ನನಗೂ ಉಸಿರಾಡಲು ಆಗುತ್ತಿಲ್ಲ.

ಸಾಹೇಬರ ಅಳಿಯನಿಗೆ ನಿನ್ನ ಕಾಗದ ಓದಿ ಹೇಳಿದೆ ಎಂದಿದ್ದೆನಲ್ಲ, ಅದು ಸುಳ್ಳು. ಅದರಲ್ಲಿ ‘ನಿನ್ನ ಅಣ್ಣ’ ಎಂದಿತ್ತು. ಜೇಬಿನಿಂದ ತೆಗೆಯಲೇ ಇಲ್ಲ. ನಮ್ಮೂರಿನವನೊಬ್ಬ, ಹುಟ್ಟು ಪೆದ್ದ, ಈಗ ಹುಚ್ಚು ಕೆದರಿ ಕಚ್ಚುತ್ತಾನೆ ಎಂದು ಹೇಳಿದೆ. ಕೆನ್ನೆ ಬಡಿದುಕೊಳ್ಳುತ್ತಾನೆ ಎಂಬುದನ್ನು ಹೇಳಿದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಎರಡನೇ ಸಲ ಜೊಲ್ಲಿನ ವಿಷಯ ಕೇಳಿದ್ದು ಅವರನ್ನಲ್ಲ, ಔಷಧಿ ಅಂಗಡಿಯವನನ್ನು. ಮೊನ್ನೆ ಡಾಕ್ಟರ ಮನೆಗೆ ಹೋಗಿ, ಅವನು ನನ್ನ ಒಡಹುಟ್ಟಿದ ಅಣ್ಣ, ಸತ್ತುಹೋದ ಎಂದೆ. ಅವರು ಬಿಳಿಚಿಕೊಂಡರು. “ನೋಡದೆ ಕೊಡಬಾರದಿತ್ತು,” ಎಂದು ತಮಗೆ ತಾವೇ ಎಂಬಂತೆ ಹೇಳಿದರು.

ಬಸಲಿಂಗಮ್ಮನಿಗೂ ಎಲ್ಲ ಹೇಳಿದೆ. ಮೊದಲು ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ, “ಅಪ್ಪ ಊಟಕ್ಕ ಕುಂತಾಗ ನರಳಿದ್ದು ಕರ ಅಲ್ಲ?” ಎಂದು ಕೇಳಿದಳು. ಮಾವನವರು ಅಲ್ಲಿಂದ ಬಂದು ಅವಳಿಗೆ ಹೇಳಿದ್ದರಂತೆ, ನಿನ್ನ ನಾದಿನಿಯ ಮನೆಯಲ್ಲಿ ಕರು ಕಾಯಿಲೆ ಬಿದ್ದಿದೆ, ಪಾಪ, ಎಂದು. ಅಂದಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ರಾತ್ರಿ ಅಳುತ್ತಾಳೆ. ಮಗು ಅಣ್ಣನ ಹಾಗೆ ಹುಟ್ಟಿದರೆ ಎಂದು ನನಗೂ ಭಯ, ಅವಳಿಗೂ ಭಯ.

ಅಕ್ಕ, ನೀನು ಇಲ್ಲಿಗೇ ಬಂದುಬಿಡು. ಹಾಸ್ಟೆಲಿನ ಕೆಲಸ ಬಿಡು. ನಿನ್ನನ್ನು ಅಲ್ಲಿ ಕಟ್ಟಿಹಾಕುವಂಥದ್ದು ಇನ್ನೇನಿದೆ? ಹೆರಿಗೆಗೂ ಒಬ್ಬರು ಬೇಕು. ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಬಾ.

ದುರುಗ


ಕೆಂಚಮ್ಮನಕಟ್ಟೆ
4–10–1981

ದುರುಗ,

ಕಟ್ಟಿಹಾಕುವ ಮಾತನ್ನು ನನಗೆ ಬರೆಯಬೇಡ. ಅವನು ನನ್ನನ್ನು ಕಟ್ಟಿಹಾಕಿರಲಿಲ್ಲ.

ಓಬನಿಗೆ ಏನಾಗಿತ್ತೆಂದು ದಾವಣಗೆರೆಯ ಡಾಕ್ಟರಮ್ಮ ಬರೆದುಕೊಟ್ಟಿದ್ದ ಚೀಟಿ ಹಿಡಿದು ನಮ್ಮೂರ ದವಾಖಾನೆಗೆ ಹೋಗಿದ್ದೆ. ಜಗಳಕ್ಕಲ್ಲ. ಮುಂದೆ ಯಾರಿಗಾದರೂ ಹೀಗಾಗಬಾರದು, ಅವರಿಗೆ ಗೊತ್ತಿರಲಿ ಎಂದು. ಡಾಕ್ಟರು ಓದಿ ಮೇಜಿನ ಮೇಲಿಟ್ಟರು.

“ನಾನೇನು ಮಾಡಲಮ್ಮ? ಅವನು ಬಾಯಿ ಬಿಡಲಿಲ್ಲವಲ್ಲ,” ಎಂದರು.

“ಹೌದ್ರಿ. ಅವ ಬಾಯಿ ಬಿಡಲಿಲ್ಲ, ನೀವು ಕುರ್ಚಿ ಬಿಡಲಿಲ್ಲ,” ಎಂದೆ.

ಶಿವಯೋಗಪ್ಪ ತಲೆ ತಗ್ಗಿಸಿದ. ಡಾಕ್ಟರು ಮುಂದಿನವರನ್ನು ಕರೆದರು. ಅಷ್ಟೇ ಆದದ್ದು. ಏನೋ ದೊಡ್ಡದು ಆಯಿತೆಂದು ನೀನು ತಿಳಿಯಬೇಡ. ಮನೆಗೆ ಬಂದ ಮೇಲೆ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅವರಿಗೆ ಅಂದದ್ದನ್ನೆಲ್ಲ ನನಗೂ ಅನ್ನಬಹುದಿತ್ತು.

ನಮ್ಮ ಪಕ್ಕದ ಮನೆಯ ಗಾಳೆಮ್ಮ ಅಲ್ಲ, ಮೇಲಿನ ಕೇರಿಯ ಗಾದೆಮ್ಮ, ಅವಳ ಮಗಳು ಓಬನಂಥವಳೇ. ಹದಿನೈದು ವರ್ಷ, ಮಾತಿಲ್ಲ. ಹೋದ ವಾರ ಅವಳು ನೆಲಕ್ಕೆ ಹೊರಳಿ ಅಳುತ್ತಿದ್ದಾಳೆಂದು ಗಾದೆಮ್ಮ ನನ್ನ ಹತ್ತಿರ ಬಂದಳು. ಇಲ್ಲಿಯ ದವಾಖಾನೆಯಲ್ಲಿ ಒಳಗೇ ಬಿಡಲಿಲ್ಲವಂತೆ. ನಾವಿಬ್ಬರೂ ಸೇರಿ ಅವಳನ್ನು ದಾವಣಗೆರೆಗೆ ಕರೆದೊಯ್ದೆವು. ಆ ಡಾಕ್ಟರಮ್ಮನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅವರ ಜಾಗದಲ್ಲಿದ್ದವರು ಬೇಗ ಬೇಗ ನೋಡಿ ಹೊಟ್ಟೆನೋವಿನ ಔಷಧಿ ಬರೆದು ಕಳಿಸಿದರು. ಅದೇ ಹೌದೋ ಅಲ್ಲವೋ ನಮಗೆ ಗೊತ್ತಿಲ್ಲ. ಹುಡುಗಿ ಇನ್ನೂ ಅಳುತ್ತಾಳೆ. ನಾಡಿದ್ದು ಮತ್ತೆ ಹೋಗುವವರಿದ್ದೇವೆ. ಗಾದೆಮ್ಮನಿಗೆ ಒಬ್ಬಳಿಗೇ ಹೋಗಲು ಧೈರ್ಯವಿಲ್ಲ. ಹಾಗಾಗಿ ಸದ್ಯ ನಾನು ಬರಲಾರೆ.

ಹೆರಿಗೆಗೆ ಬರಬೇಕೆಂದರೆ ಬಸಲಿಂಗಮ್ಮ ತಾನೇ ಎರಡು ಸಾಲು ಬರೆಯಲಿ. ಅವಳು ಕರೆದರೆ ಬರುತ್ತೇನೆ. ನೀನು ಕರೆದದ್ದಕ್ಕೆ ಬರಲು ಮನಸ್ಸು ಇನ್ನೂ ಒಪ್ಪುತ್ತಿಲ್ಲ. ಒಂದು ದಿನ ಒಪ್ಪಬಹುದು.

ಮಗು ಯಾರ ಹಾಗೆ ಹುಟ್ಟುತ್ತದೋ ಎಂದು ಹೆದರಬೇಡಿ. ಯಾರ ಹಾಗೆ ಹುಟ್ಟಿದರೂ ಅದು ಅಳುತ್ತದೆ. ಅತ್ತಾಗ, ಯಾಕೆ ಅಳುತ್ತದೆ ಅಕ್ಕ ಎಂದು ನನಗೆ ಕಾಗದ ಬರೆದು ಕೂರಬೇಡ. ಎತ್ತಿಕೊಂಡು ನೋಡು.

ಪಕ್ಕೀರಮ್ಮ